ಹುಳದ ಮನೆಯಲ್ಲಿ ಕೆಂಪು ಬಣ್ಣ

ಈ ಬೇಸಿಗೆ ಕುದೂರಿಗೆ ನಾಟಕ ನೋಡಲು ಹೋಗಿದ್ದೆ. ಆಟ ಮುಗಿದ ಮೇಲೆ ಸ್ಟೇಜಿನ ಹಿಂದೆ ಹೋಗಿ ಇಣುಕಿದರೆ, ರಾಜನ ಪಾರ್ಟು ಮಾಡಿದ್ದ ಯುವಕ ಪ್ಲಾಸ್ಟಿಕ್ ಪೊಟ್ಟಣದಿಂದ ಒದ್ದೆ ಟಿಶ್ಯೂ ಎಳೆದೆಳೆದು ಮುಖ ಒರೆಸಿಕೊಳ್ಳುತ್ತಿದ್ದ. ಬಣ್ಣ ಸಲೀಸಾಗಿ ಬಿಟ್ಟುಕೊಂಡು ಬಂತು. ನಾನು ಚಿಕ್ಕವಳಿದ್ದಾಗ ಬಣ್ಣ ಇಷ್ಟು ಸುಲಭವಾಗಿ ಹೋಗುವಂತಿದ್ದರೆ ನಮ್ಮ ಮನೆಯ ಕಥೆಯೇ ಬೇರೆಯಾಗುತ್ತಿತ್ತು ಅನ್ನಿಸಿ, ನಗುವೂ ಬಂತು, ಹಳೆಯ ಸಂಕಟವೂ ಎದ್ದಿತು. ನಮ್ಮ ಕಡೆ ಬೇಸಿಗೆ ಬಂತೆಂದರೆ ಗಂಡಸರಿಗೆ ನಾಟಕದ ಹುಚ್ಚು. ಸಂತೆ ಮೈದಾನದಲ್ಲಿ ತೆಂಗಿನ ಗರಿಯ ಚಪ್ಪರ ಏಳುತ್ತಿತ್ತು, ‘ಬೇಸಿಗೆ ನಾಟಕೋತ್ಸವ’ ಎಂದು ಬ್ಯಾನರು ಕಟ್ಟುತ್ತಿದ್ದರು, ಸುತ್ತಲಿನ ಊರಿನ ತಂಡಗಳು ಒಂದೊಂದು ಸಂಜೆ ಒಂದೊಂದು ನಾಟಕ ಆಡುತ್ತಿದ್ದವು. ವರ್ಷವೆಲ್ಲ ರಾಗಿ ಮಿಲ್ಲಿನಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿರುತ್ತಿದ್ದ ಹನುಮಂತಣ್ಣ ಅಲ್ಲಿ ಕೆಟ್ಟವನ ಪಾರ್ಟಿನಲ್ಲಿ ನಕ್ಕರೆ ಹೆಂಗಸರು ಕೂಸುಗಳ ಕಣ್ಣು ಮುಚ್ಚುತ್ತಿದ್ದರು. ಮಾಗಡಿ ರೂಟಿನ ಕಂಡಕ್ಟರ್ ಒಬ್ಬರು ಒಂದು ಮಾತೂ ಆಡದೆ, ಬರೀ ಪಂಚೆ ಸರಿಮಾಡಿಕೊಳ್ಳುತ್ತಲೇ ಇಡೀ ಚಪ್ಪರವನ್ನು ನಗಿಸುತ್ತಿದ್ದರು. ನನಗೆ ಅವರೆಲ್ಲರೂ ಇಷ್ಟವೇ. ಆದರೆ ಪ್ರಾಣ ಬಿಡುತ್ತಿದ್ದದ್ದು ಇಬ್ಬರ ಮೇಲೆ. ಒಬ್ಬ ನಮ್ಮಪ್ಪ, ಇನ್ನೊಬ್ಬರು ಪಂಕಜಮ್ಮ.

ಊರಿನ ಹೆಂಗಸರು ಸ್ಟೇಜು ಹತ್ತುವ ಮಾತೇ ಇರಲಿಲ್ಲ. ಹೆಣ್ಣಿನ ಪಾರ್ಟಿಗೆ ತುಮಕೂರಿನಿಂದಲೋ ಮಂಡ್ಯದಿಂದಲೋ ಕಲಾವಿದೆಯರನ್ನು ಕರೆಸಿ, ಯಾರಾದರೊಬ್ಬರ ಮನೆಯಲ್ಲಿ ಇಳಿಸುತ್ತಿದ್ದರು. ಅವರು ಆಡುವಾಗ ಬಾಯಿ ಬಿಟ್ಟುಕೊಂಡು ನೋಡುವ ಊರೇ, ಅವರು ಬೀದಿಯಲ್ಲಿ ನಡೆದು ಹೋದರೆ ಬೇರೆಯದೇ ಮಾತಾಡುತ್ತಿತ್ತು. ಪಂಕಜಮ್ಮ ತುಮಕೂರಿನವರು. ಕಪ್ಪಗೆ, ಗಟ್ಟಿಮುಟ್ಟಾಗಿ, ನಮ್ಮವ್ವನಿಗಿಂತ ಸ್ವಲ್ಪ ದೊಡ್ಡವರಿದ್ದರು. ಸ್ಟೇಜಿನ ಮೇಲೆ ಅಳುವ ಪಾರ್ಟಿದ್ದರೂ ಅವರು ಅಳುತ್ತಿರಲಿಲ್ಲ. ಸುಮ್ಮನೆ ಒಂದು ಗಳಿಗೆ ನೆಲ ನೋಡುತ್ತಿದ್ದರು, ಕೆಳಗೆ ಕೂತ ನಾವು ಅಳುತ್ತಿದ್ದೆವು. ನಾನು ಹೇಳಹೊರಟ ವರ್ಷ ಆಡಿದ್ದು ಹಾರ್ಮೋನಿಯಂ ಮೇಷ್ಟ್ರು ತಾವೇ ಬರೆದ ಒಂದು ಸಂಸಾರದ ನಾಟಕ. ಅಪ್ಪನದು ಮನೆಯ ಯಜಮಾನನ ಪಾರ್ಟು, ಪಂಕಜಮ್ಮನದು ಅವನ ತಮ್ಮನ ಹೆಂಡತಿಯ ಪಾರ್ಟು. ಮನೆದೇವರ ಒಡವೆ ಕದ್ದಳೆಂದು ಎಲ್ಲರೂ ಆ ಸೊಸೆಯ ಮೇಲೆ ಬಿದ್ದಾಗ ಭಾವ ಎದ್ದು ನಿಂತು ಅವಳ ಪರ ಮಾತಾಡುತ್ತಾನೆ. ಅಪ್ಪ ಆ ಮಾತನ್ನು ಹೊಲದಲ್ಲಿ, ಬಚ್ಚಲಲ್ಲಿ, ಎತ್ತಿಗೆ ನೀರು ಕುಡಿಸುವಾಗ ಹೇಳಿಕೊಂಡು ಹೇಳಿಕೊಂಡು ನಮ್ಮ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು. ಅಪ್ಪ ತಂಡದ ಮುಖ್ಯಸ್ಥನಾದ್ದರಿಂದ ಪಂಕಜಮ್ಮ ಇಳಿದುಕೊಂಡದ್ದು ನಮ್ಮ ಮನೆಯಲ್ಲೇ.

ಅದು ಅಜ್ಜಿಗೆ ಸುತರಾಂ ಇಷ್ಟವಿರಲಿಲ್ಲ. ಪಂಕಜಮ್ಮನ ಮೇಲೆ ಸಿಟ್ಟು ಅಂತಲ್ಲ, ಹುಳ ಹಣ್ಣಾಗುವ, ಅಂದರೆ ಬಲಿತು ಗೂಡು ಕಟ್ಟಲು ಸಿದ್ಧವಾಗುವ ಹೊತ್ತಾಗಿತ್ತು. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಪಡಸಾಲೆಗೆ ಅಂಟಿಕೊಂಡ ಉದ್ದನೆಯ ಕತ್ತಲೆ ಕೋಣೆಯೇ ಹುಳದ ಮನೆ. ಕಿಟಕಿಗೆ ಒದ್ದೆ ಗೋಣಿತಾಟು, ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಡಿಗೆ ನೀರಿನ ಬಟ್ಟಲು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾಕ್ಷಸನ ಹಸಿವು, ಕೂಸಿಗಿಂತ ನಾಜೂಕು ಮೈ. ಯಾವ ವಾಸನೆಯೂ ಆಗದು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲ, ಬೀಡಿ ಇಲ್ಲ, ತಲೆಗೆ ಸಂಪಿಗೆ ಇಲ್ಲ. ಮುದ್ದೆ, ಸಪ್ಪೆ ಸಾರು, ಅಷ್ಟೇ. ಮನೆಯವರೆಲ್ಲ ಒಬ್ಬರ ಮೇಲೊಬ್ಬರು ರೇಗುತ್ತಾ, ಮೆಲ್ಲಗೆ ಮಾತಾಡುತ್ತಾ ಬದುಕುತ್ತಿದ್ದೆವು. ಒಳಗೆ ಹೋಗಿ ಹಿಪ್ಪುನೇರಳೆ ಸೊಪ್ಪು ಹಾಕುವವರು ಅಜ್ಜಿ ಮತ್ತು ಅಪ್ಪ ಇಬ್ಬರೇ. ಅವ್ವ ಹೊರಗೆ ಕೂತು ಸೊಪ್ಪು ಹೆಚ್ಚಿ ಕೊಡಬೇಕು. ಅಜ್ಜಿಯ ಮೂಗು ಎಂಥದ್ದೆಂದರೆ, ಪಕ್ಕದ ಮನೆಯವರು ಬೆಳ್ಳುಳ್ಳಿ ಸುಲಿದರೂ ಇಲ್ಲಿಂದ ಬೈಯುತ್ತಿದ್ದಳು. ಪಂಕಜಮ್ಮ ಬಂದ ದಿನವೇ ಅವರನ್ನು ಜಗುಲಿಯಲ್ಲಿ ನಿಲ್ಲಿಸಿ ಕಟ್ಟುನಿಟ್ಟು ಹೇಳಿದಳು.

“ನೋಡವ್ವ, ಪೌಡ್ರು, ಸೆಂಟು, ಹೂವು, ಏನೂ ಈ ಹೊಸ್ತಿಲು ದಾಟ್ಕೂಡದು. ಹುಳದ ಮನೆ ಬಾಗ್ಲಕಡೀಕೆ ತಿರುಗೂ ನೋಡ್ಕೂಡದು.”

“ನಮ್ಮ ತಾಯಿನೂ ಹುಳ ಸಾಕ್ದೋರೇ ಅಜ್ಜಿ. ನಂಗೊತ್ತೈತೆ,” ಎಂದರು ಪಂಕಜಮ್ಮ.

ಹೇಳಿದ ಹಾಗೇ ನಡೆದುಕೊಂಡರು. ಬಣ್ಣದ ಪೆಟ್ಟಿಗೆಯನ್ನು ರಿಹರ್ಸಲ್ ನಡೆಯುತ್ತಿದ್ದ ಸ್ಕೂಲಿನಲ್ಲೇ ಬಿಟ್ಟರು, ಬರೀ ಸೀಗೆಕಾಯಿಯಲ್ಲಿ ಸ್ನಾನ ಮಾಡಿದರು, ಪಡಸಾಲೆಯ ಆ ಮೂಲೆಯಲ್ಲಿ ಟ್ರಂಕು ಇಟ್ಟುಕೊಂಡು ನನ್ನ ಪಕ್ಕ ಮಲಗಿದರು. ನಾಟಕದ ಹಿಂದಿನ ಸಂಜೆ ನಮ್ಮೂರ ನಟರೆಲ್ಲ ಹಟ ಹಿಡಿದು ಬಣ್ಣ ಹಚ್ಚಿಕೊಂಡೇ ರಿಹರ್ಸಲ್ ಮಾಡಿದರು. ವರ್ಷಕ್ಕೊಂದು ಸಲ ಸಿಗುವ ಬಣ್ಣ, ಎರಡು ಸಲ ಹಚ್ಚಿಕೊಂಡರೆ ಯಾರಪ್ಪನ ಗಂಟು ಹೋಗುತ್ತದೆ. ಬಣ್ಣ ಹಚ್ಚದೆ ಕೂತಿದ್ದವರು ಪಂಕಜಮ್ಮ ಒಬ್ಬರೇ. ಅದೇ ಕಸುಬಿನವರು ತಾನೆ, ಅವರಿಗೆ ಅದರ ಚಪಲವಿರಲಿಲ್ಲ. ಅಪ್ಪ ಮಾತ್ರ ಕೆನ್ನೆಗೆ ಕೆಂಪು, ಹುಬ್ಬಿಗೆ ಕಪ್ಪು ಬಳಿದುಕೊಂಡು ಮದುಮಗನ ಹಾಗೆ ಮೆರೆದ. ಬಣ್ಣ ತೆಗೆಯಲು ಇಟ್ಟಿದ್ದ ಕೊಬ್ಬರಿ ಎಣ್ಣೆಯನ್ನು ಉಳಿದವರು ಖಾಲಿ ಮಾಡಿದ್ದರಿಂದ ಹಾಗೇ ಮನೆಗೆ ಬಂದ. ಹಿತ್ತಲಲ್ಲಿ ನಿಂತು ಅವ್ವನನ್ನು ಕರೆದು ದೀಪದ ಸೀಮೆಎಣ್ಣೆ ಬಾಟಲಿ ಇಸಿದುಕೊಂಡ. ಹೆಗಲ ಮೇಲಿನ ಟವಲಿಗೆ ಸುರಿದುಕೊಂಡು ಮುಖ ತಿಕ್ಕಿದ, ಕೈಗೆ ಬೂದಿ ಹಚ್ಚಿ ತೊಳೆದ. ಅಜ್ಜಿ ಆಗ ತೋಟದ ಕಡೆಯಿಂದ ಇನ್ನೂ ಬಂದಿರಲಿಲ್ಲ. ಸೊಪ್ಪು ಹಾಕುವ ಹೊತ್ತು ಮೀರುತ್ತಿದೆ ಎಂದು ಅಪ್ಪ ಅವಸರದಲ್ಲಿ ಅದೇ ಟವಲಿಗೆ ಕೈ ಒರೆಸಿ, ಅದನ್ನೇ ಹೆಗಲ ಮೇಲೆ ಹಾಕಿಕೊಂಡು ಬುಟ್ಟಿ ಹೊತ್ತು ಹುಳದ ಮನೆಯೊಳಕ್ಕೆ ಹೋದದ್ದನ್ನು ನಾನೂ ಕಂಡೆ, ಅವ್ವನೂ ಕಂಡಳು. ಏನಾಗಬಹುದು ಎಂದು ಆ ಕ್ಷಣ ಇಬ್ಬರಿಗೂ ಹೊಳೆಯಲಿಲ್ಲ. ಬೂದಿ ಹಾಕಿ ತೊಳೆದನಲ್ಲ ಎಂದೇ ಅವ್ವ ಅಂದುಕೊಂಡಿದ್ದಳಂತೆ.

ಬೆಳಗ್ಗೆ ಅಜ್ಜಿಯ ಕೂಗಿಗೆ ಎದ್ದೆ. ಬಾಗಿಲ ಹತ್ತಿರದ ತಟ್ಟೆಗಳಲ್ಲಿ ಹುಳಗಳು ಸೊಪ್ಪು ಬಿಟ್ಟು ತಲೆ ಎತ್ತಿ ಒದ್ದಾಡುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಎಷ್ಟೋ ಆಗಲೇ ಮೆತ್ತಗಾಗಿದ್ದವು. ಒಳಗಿನ ಸಾಲಿನ ತಟ್ಟೆಗಳಿಗೆ ಏನೂ ಆಗಿರಲಿಲ್ಲ. ಅಜ್ಜಿ ಒಂದು ಎಲೆ ಎತ್ತಿ ಮೂಸಿದಳು. ಆಮೇಲೆ ತಟ್ಟೆಯ ಅಂಚಿಗೆ ಬೆರಳು ಸವರಿ ನೋಡಿದಳು. ಬೆರಳಿಗೆ ಕೆಂಪು ಬಣ್ಣ ಹತ್ತಿತ್ತು. ಎಲೆಯನ್ನು ಕೆಳಗೆ ಬಿಟ್ಟು, ಆ ಬೆರಳನ್ನು ಹಾಗೇ ಮುಂದೆ ಚಾಚಿಕೊಂಡು ಅಂಗಳಕ್ಕೆ ಬಂದಳು. ಹಲ್ಲುಜ್ಜುತ್ತಿದ್ದ ಅಪ್ಪನನ್ನು ದಾಟಿ, ಕಸ ಗುಡಿಸುತ್ತಿದ್ದ ಅವ್ವನನ್ನು ದಾಟಿ, ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದ ಪಂಕಜಮ್ಮನ ಮುಂದೆ ನಿಂತಳು. ಕೂಗು ಕೇಳಿ ಅಕ್ಕಪಕ್ಕದವರೂ ಬೇಲಿಗೆ ಬಂದಿದ್ದರು.

“ಏನಿದು? ಬಣ್ಣದೋಳು ನಮ್ಮ ಹುಳದ ಮನೆಗೆ ಯಾಕೆ ಬಂದಿದ್ದೆ? ಹೇಳು!”

“ನಾನು ಒಳಕ್ಕೆ ಹೋಗಿಲ್ಲ ಅಜ್ಜಿ. ದೇವ್ರಾಣೆ.”

“ಹಂಗಾದ್ರೆ ಬಣ್ಣ ನಡ್ಕಂಡು ಬಂತಾ? ಈ ಮನೇಲಿ ಬಣ್ಣ ಹಚ್ಚೋರು ಇನ್ಯಾರವ್ರೆ?”

ಪಂಕಜಮ್ಮ ಅಪ್ಪನ ಕಡೆ ನೋಡಿದರು. ಅವ್ವ ಪೊರಕೆ ಹಿಡಿದುಕೊಂಡೇ ಅಪ್ಪನ ಕಡೆ ನೋಡಿದಳು. ನಾನೂ ನೋಡಿದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅಪ್ಪ ಬೇವಿನ ಕಡ್ಡಿಯನ್ನು ಬಾಯಿಂದ ತೆಗೆಯಲೇ ಇಲ್ಲ. ಉಗುಳಲು ಹೋಗುವವನ ಹಾಗೆ ಹಿತ್ತಲಿಗೆ ಹೊರಟುಹೋದ. ಅಜ್ಜಿ ಟ್ರಂಕನ್ನು ದರದರ ಎಳೆದು ತಂದು ಜಗುಲಿಯ ಮೇಲೆ ಇಟ್ಟಳು. ಮೇಷ್ಟ್ರು ಓಡಿ ಬಂದು ಕೈಮುಗಿದು, ಇವತ್ತು ಸಂಜೆ ನಾಟಕ ಐತೆ ಕಣಮ್ಮ ಎಂದು ಗೋಗರೆದು, ಪಂಕಜಮ್ಮನನ್ನು ಆ ದಿನಕ್ಕೆ ಸ್ಕೂಲಿನಲ್ಲಿ ಇರಿಸಿದರು. ಟ್ರಂಕು ಮಾತ್ರ ಜಗುಲಿಯಲ್ಲೇ ಉಳಿಯಿತು, ಊರೆಲ್ಲ ಬಂದು ನೋಡಿಕೊಂಡು ಹೋಗಲಿ ಅನ್ನುವ ಹಾಗೆ.

ಇದು ಒಂದು ಮನೆಯ ಬೈಗುಳವಾಗಿ ಮುಗಿಯುವ ಮಾತಾಗಿರಲಿಲ್ಲ. ಮಾಗಡಿ, ಕನಕಪುರ, ರಾಮನಗರದ ಕಡೆ ಎತ್ತ ಹೋದರೂ ಮನೆ ಮನೆಯಲ್ಲೂ ಹುಳ. ಹುಳ ಕೆಡಿಸಿದವಳು ಅನ್ನುವ ಹೆಸರು ಒಮ್ಮೆ ಅಂಟಿದರೆ ಆ ಹೆಂಗಸಿಗೆ ಯಾರೂ ಜಗುಲಿಯನ್ನೂ ಕೊಡುವುದಿಲ್ಲ. ಇಳಿಯಲು ಮನೆ ಸಿಗದ ಕಲಾವಿದೆಯನ್ನು ಯಾವ ತಂಡವೂ ಕರೆಸುವುದಿಲ್ಲ. ಅವರ ಹೊಟ್ಟೆಪಾಡು ಬೇಸಿಗೆಯ ಈ ನಾಟಕಗಳನ್ನೇ ನಂಬಿತ್ತು. ಇಷ್ಟನ್ನೂ ನನಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಮಧ್ಯಾಹ್ನ ಅಡುಗೆಮನೆಯ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡೆ. ಅಪ್ಪ ಊಟಕ್ಕೆ ಕೂತಿದ್ದ. ಅವ್ವ ತಟ್ಟೆಗೆ ಮುದ್ದೆ ಇಟ್ಟವಳು ಸಾರು ಬಡಿಸದೆ ಸೌಟು ಹಿಡಿದು ನಿಂತಳು.

“ಅತ್ತೆಗೆ ಯಾವಾಗ ಹೇಳ್ತೀರಿ?”

“ಏನು ಹೇಳಾದು?”

“ಸೀಮೆಎಣ್ಣೆ ಕೈಲಿ ಸೊಪ್ಪು ಮುಟ್ಟಿದ್ದು ನಾನೇ ಅಂತ.”

“ಮೆಲ್ಲುಕ್ ಮಾತಾಡೇ. ಇವತ್ತು ಪಾರ್ಟೈತೆ. ಈಗ ನಮ್ಮವ್ವ ಬಾಯಿಗ್ ಬಂದಂಗೆ ಬೈದ್ರೆ ಸ್ಟೇಜ್ ಮೇಲೆ ನಂಗೆ ಮಾತೇ ಹೊರಡಕ್ಕಿಲ್ಲ. ನಾಟ್ಕ ಮುಗ್ದೋಗ್ಲಿ, ನಾಳೆ ಹೇಳ್ತೀನಿ.”

“ನಾಳೆ ಅಷ್ಟೊತ್ಗೆ ಆಯಮ್ಮ ಬಸ್ ಹತ್ತಿರ್ತಾರೆ.”

“ಹತ್ಲಿ ಬುಡು. ಅವ್ರಿಗೇನು, ಈ ಊರಿಲ್ದಿದ್ರೆ ಇನ್ನೊಂದೂರು.”

“ಇನ್ನೊಂದೂರ್ನಲ್ಲೂ ಹುಳ ಸಾಕ್ತಾರೆ,” ಎಂದಳು ಅವ್ವ.

ಅಪ್ಪ ಸಾರಿಲ್ಲದ ಮುದ್ದೆಯನ್ನೇ ಮುರಿದು ನುಂಗಿ ಎದ್ದು ಹೋದ. ನನಗೆ ಅವನ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಸಂಜೆ ಅವನಿಗೆ ಜ್ವರ ಬಂದು ನಾಟಕವೇ ನಿಂತುಹೋಗಲಿ ಎಂದು ಮನೆದೇವರಿಗೆ ಬೇಡಿಕೊಂಡೆ. ಮರುಕ್ಷಣವೇ, ಬೇಡ ಬೇಡ, ಅಪ್ಪ ಚೆನ್ನಾಗಿ ಮಾಡಲಿ ಎಂದೂ ಬೇಡಿಕೊಂಡೆ. ಅವನ ಪಾರ್ಟು ನೋಡಲು ನಾನು ಇಡೀ ವರ್ಷ ಕಾದಿದ್ದೆ.

ದೀಪ ಹಚ್ಚುವ ಹೊತ್ತಿಗೆ ಚಪ್ಪರ ತುಂಬಿತ್ತು. ಅಜ್ಜಿ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು, ಮಗ್ಗುಲು ಮನೆಯವರಿಗೆ ಹೊರಗಿನಿಂದಲೇ ಹುಳದ ಮನೆಯ ಕಾವಲಿರಲು ಹೇಳಿ, ಒಗೆದ ಸೀರೆ ಉಟ್ಟು, ಎಲ್ಲರಿಗಿಂತ ಮುಂದೆ ಚಾಪೆಯ ಮೇಲೆ ಕೂತಳು. ಮಗ ಯಜಮಾನನ ಪಾರ್ಟು ಮಾಡುವಾಗ ತಾಯಿ ಮುಂದೆ ಕೂರದೆ ಇರುತ್ತಾಳೆಯೇ. ಊರಿನ ಹೆಂಗಸರು ಅವಳ ಸುತ್ತ ಕೂತು ಹುಳದ ವಿಷಯ ಕೇಳಿ ಲೊಚಗುಟ್ಟುತ್ತಿದ್ದರು. ಪಂಕಜಮ್ಮ ಸ್ಟೇಜಿಗೆ ಬಂದಾಗ ಮಾಮೂಲಿನಂತೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲೋ ಹಿಂದಿನಿಂದ ಯಾರೋ ಏನೋ ಅಂದು ನಕ್ಕರು. ಅವರು ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಎಲ್ಲ ಮಾತೂ ಅಚ್ಚುಕಟ್ಟಾಗಿ ಆಡಿದರು. ಕಡೆಗೆ ಆ ದೃಶ್ಯ ಬಂತು. ಸೊಸೆ ನಡುವೆ ನಿಂತಿದ್ದಾಳೆ, ಹನುಮಂತಣ್ಣ ಬೆರಳು ತೋರಿಸಿ ಕಳ್ಳಿ ಕಳ್ಳಿ ಎಂದು ಕೂಗುತ್ತಿದ್ದಾನೆ. ಅಪ್ಪ ಎದ್ದು ನಿಂತ. ಬಾಯಿ ತೆರೆದ. ಮಾತು ಬರಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಎಳೆಯುತ್ತಲೇ ಇದ್ದರು, ಪಕ್ಕದ ಪರದೆಯ ಹಿಂದಿನಿಂದ ಮಾತು ಹೇಳಿಕೊಡುವ ಪಿಸುದನಿ ನಮ್ಮ ಸಾಲಿಗೂ ಕೇಳಿತು. ಅಪ್ಪ ಪಂಕಜಮ್ಮನ ಮುಖ ನೋಡುತ್ತಾ ಕಂಬದ ಹಾಗೆ ನಿಂತುಬಿಟ್ಟ. ಪಕ್ಕದಲ್ಲಿ ಅವ್ವ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನೋವಾಯಿತು.

ಪಂಕಜಮ್ಮ ಬೇಕಾಗಿದ್ದರೆ ಅವನನ್ನು ಅಲ್ಲೇ ಮುಳುಗಿಸಬಹುದಿತ್ತು. ಅವರು ಎರಡು ಹೆಜ್ಜೆ ಮುಂದೆ ಬಂದು, ಪುಸ್ತಕದಲ್ಲಿಲ್ಲದ ಮಾತೊಂದನ್ನು ಸೃಷ್ಟಿಸಿದರು. “ನನ್ನ ಭಾವನವರು ದೊಡ್ಡವರು. ದುಃಖ ಉಕ್ಕಿದಾಗ ದೊಡ್ಡವರಿಗೆ ಮಾತು ಹೊರಡುವುದಿಲ್ಲ,” ಎಂದು ಜನರಿಗೆ ಹೇಳಿ, ಅವನ ಕಾಲಿಗೆ ಬಾಗಿದರು. ಬಾಗಿದಾಗ ತುಟಿ ಅಲ್ಲಾಡಿದ್ದು ನನಗೆ ಕಂಡಿತು, ಮಾತು ಹೇಳಿಕೊಟ್ಟರು. ಅಪ್ಪನಿಗೆ ಜೀವ ಬಂತು.

“ಈ ಮನೆಯ ಹೆಣ್ಣುಮಗಳು ಕಳ್ಳಿಯಲ್ಲ! ತಪ್ಪಿಲ್ಲದವಳ ಕಡೆ ಬೆರಳು ತೋರಿಸಿದ ಮನೆಯಲ್ಲಿ ದೀಪ ಉರಿಯುವುದಿಲ್ಲ!”

ಚಪ್ಪರ ಹಾರಿಹೋಗುವ ಹಾಗೆ ಶಿಳ್ಳೆ. ‘ಒನ್ಸ್ ಮೋರ್, ಒನ್ಸ್ ಮೋರ್’ ಎಂದು ಕೂಗಿದರು. ನಮ್ಮ ಕಡೆ ಒನ್ಸ್ ಮೋರ್ ಅಂದರೆ ಹೇಳಲೇಬೇಕು. ಅಪ್ಪ ಅದೇ ಮಾತನ್ನು ಮತ್ತೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ ಹೇಳಿದ. ಮೇಷ್ಟ್ರು ಹಾರ ಹಾಕಿದರು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಅಷ್ಟು ಚೆನ್ನಾಗಿ ಹೇಳಿದ್ದ ಅನ್ನುವುದೇ ನನಗೆ ತಡೆಯಲಾಗಲಿಲ್ಲ.

ಮಾರನೆಯ ಬೆಳಗ್ಗೆ ಅಪ್ಪ ಏಳುತ್ತಲೇ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋದ, ಹೊಗಳಿಸಿಕೊಳ್ಳುವುದಕ್ಕೆ. ಪಂಕಜಮ್ಮ ಸ್ಕೂಲಿನಿಂದ ಒಬ್ಬರೇ ಟ್ರಂಕು ತೆಗೆದುಕೊಂಡು ಹೋಗಲು ಬಂದರು. ಅಜ್ಜಿ ಬಾಗಿಲಲ್ಲೇ ಕೂತಿದ್ದಳು, ಮುಖ ಕೂಡ ಎತ್ತಲಿಲ್ಲ. ಸೊಪ್ಪು ಹೆಚ್ಚುತ್ತಿದ್ದ ಅವ್ವ ಕುಡುಗೋಲು ಕೆಳಗಿಟ್ಟು ಎದ್ದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮುಂದೆ ಎದುರು ಮಾತಾಡಿದವಳಲ್ಲ.

“ಅತ್ತೆ, ಈಯಮ್ಮ ಒಳಕ್ಕೆ ಹೋಗಿಲ್ಲ. ಮಕಕ್ಕೆ ಸೀಮೆಎಣ್ಣೆ ತಿಕ್ಕೊಂಡು ಹಂಗೇ ಹೋಗಿ ಸೊಪ್ಪು ಹಾಕಿದ್ದು ನಿಮ್ಮ ಮಗ. ಬಾಟ್ಲು ಕೊಟ್ಟೋಳು ನಾನು.”

ಅಜ್ಜಿ ಚಕಿತಳಾಗಲಿಲ್ಲ. ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಲಿಲ್ಲ.

“ಅದು ನಂಗೊತ್ತಿಲ್ವೇನೆ? ಸೊಪ್ಪು ಮೂಸ್ತಿದ್ದಂಗೇ ಗೊತ್ತಾಯ್ತು. ಯಾವ ಹೆಂಗ್ಸು ಸೀಮೆಎಣ್ಣೇಲಿ ಮಕ ತಿಕ್ಕೊಂಡಾಳು?”

“ಗೊತ್ತಿದ್ದೂ ಇವರ ಮೇಲೆ ಹಾಕಿದ್ರಾ?”

“ಇವ್ಳು ಬಸ್ ಹತ್ಕೊಂಡು ಹೋಯ್ತಾಳೆ. ನನ್ ಮಗ ಈ ಊರಲ್ಲೇ ಬಾಳ್ಬೇಕು. ತನ್ ಮನೆ ಹುಳ ತಾನೇ ಕೊಂದೋನು ಅನ್ನಿಸ್ಕೊಂಡು ಬಾಳಾದಾ?”

ಇದನ್ನು ಅಜ್ಜಿ ಪಿಸುಗುಟ್ಟಲೂ ಇಲ್ಲ, ಪಂಕಜಮ್ಮ ಎದುರಿಗೇ ನಿಂತಿದ್ದಾಗ ಹೇಳಿದಳು. ಬೇಸಿಗೆ ಬೇಸಿಗೆಗೆ ಎಷ್ಟೋ ನಟರನ್ನು ನೋಡಿದ್ದ ನಾನು, ಹಿಂದಿನ ಬೆಳಗ್ಗೆ ಅಂಗಳದಲ್ಲಿ ನಡೆದದ್ದೂ ಒಂದು ಪಾರ್ಟು ಅನ್ನುವುದನ್ನು ಆಗ ತಿಳಿದೆ. ನನ್ನನ್ನು ಎತ್ತಿ ಆಡಿಸಿದ ಅಜ್ಜಿಯನ್ನು ಕಂಡು ಹೆದರಿಕೆಯಾಯಿತು. ಪಂಕಜಮ್ಮ ಟ್ರಂಕಿನ ಒಂದು ಹಿಡಿ ಎತ್ತಿದರು. ಇನ್ನೊಂದು ಹಿಡಿಯನ್ನು ಅವ್ವ ಹಿಡಿದಳು. ಎಲ್ಲಿಗೇ, ಎಂದು ಅಜ್ಜಿ ಗದರಿದಳು. ಅವ್ವ ತಿರುಗಿ ನೋಡಲಿಲ್ಲ. ನಾನೂ ಹಿಂದೆ ಓಡಿದೆ. ಸಂದಿಯಲ್ಲಿ ಹೋದರೆ ಬಸ್ ಸ್ಟ್ಯಾಂಡು ಹತ್ತಿರ, ಅವ್ವ ಬೇಕೆಂದೇ ದೊಡ್ಡ ಬೀದಿಯಲ್ಲಿ ನಡೆದಳು. ಜಗುಲಿ ಜಗುಲಿಯಲ್ಲೂ ಜನ ಎದ್ದು ನಿಂತು ನೋಡಿದರು.

ಹೋಟೆಲಿನ ಮುಂದಿನ ಬೆಂಚಿನಲ್ಲಿ ತಂಡದವರೆಲ್ಲ ಇದ್ದರು. ಅಪ್ಪನ ಕಿವಿಯ ಹಿಂದೆ ಇನ್ನೂ ಬಣ್ಣವಿತ್ತು, ಕೈಯಲ್ಲಿ ಟೀ ಲೋಟವಿತ್ತು. ನಮ್ಮನ್ನು ಕಂಡು ಅವನ ನಗು ಹಾಗೇ ನಿಂತಿತು. ಅವ್ವ ಟ್ರಂಕು ಇಳಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಎಲ್ರೂ ಒಸಿ ಕೇಳ್ಸ್ಕಳಿ. ನಮ್ಮ ಹುಳದ ಮನೆಗೆ ಈಯಮ್ಮ ಕಾಲಿಟ್ಟಿಲ್ಲ. ಕಾಲಿಟ್ಟೋರು ಅಲ್ಲೇ ಕೂತವ್ರೆ, ಅವ್ರನ್ನೇ ಕೇಳಿ.”

ಹನುಮಂತಣ್ಣ ಅಪ್ಪನ ಕಡೆ ತಿರುಗಿ, ಏನ್ಲಾ ಇದು, ಎಂದ. ಅಪ್ಪ ಎದ್ದು ನಿಂತ. ನೆಲ ನೋಡುತ್ತಾ, ಹೂಂ, ನಾನೇ, ಎಂದು ಗಂಟಲೊಳಗೇ ಗೊಣಗಿದ. ಪಕ್ಕದಲ್ಲಿದ್ದವನಿಗೂ ಸರಿಯಾಗಿ ಕೇಳಿರಲಿಕ್ಕಿಲ್ಲ.

“ಗೌಡ್ರೆ,” ಎಂದರು ಪಂಕಜಮ್ಮ ಅಪ್ಪನಿಗೆ, ಸಿಟ್ಟಿಲ್ಲದೆ, ಕಸುಬಿನವರು ಹೇಳುವ ಹಾಗೆ, “ಹಿಂದ್ಗಡೆ ಇರೋರ್ಗೆ ಕೇಳ್ಲಿಲ್ಲ.”

ತುಮಕೂರಿನ ಬಸ್ಸು ಬಂದು ನಿಂತಿತ್ತು. ಕಿಟಕಿಗಳಿಂದ ಜನ ನೋಡುತ್ತಿದ್ದರು. ಅಪ್ಪ ಲೋಟ ಕೆಳಗಿಟ್ಟ.

“ನಾನೇ ಹೋಗಿದ್ದು! ಸೀಮೆಎಣ್ಣೆ ಕೈಲಿ ಸೊಪ್ಪು ಹಾಕ್ಬುಟ್ಟೆ. ಈಯಮ್ಮಂದೇನೂ ತಪ್ಪಿಲ್ಲ!”

ಅದು ಸ್ಟೇಜಿನ ದನಿಯಲ್ಲ. ಒಡೆದು, ಕೀರಲಾಗಿ, ಕೊನೆಗೆ ಅರ್ಧ ಅಳುವಾಗಿ ಬಂತು. ಯಾರೂ ಶಿಳ್ಳೆ ಹಾಕಲಿಲ್ಲ. ಪಂಕಜಮ್ಮ ಅಪ್ಪನಿಗೆ ಕೈಮುಗಿದು, ಅವ್ವನ ಭುಜವನ್ನು ಒಮ್ಮೆ ಒತ್ತಿ ಹಿಡಿದು ಬಸ್ಸು ಹತ್ತಿದರು. ಟ್ರಂಕನ್ನು ಹನುಮಂತಣ್ಣ ತಾನೇ ಎತ್ತಿ ಒಳಗಿಟ್ಟ. ಆಮೇಲೆ ನಾವು ಮೂವರೂ ಒಬ್ಬರ ಹಿಂದೊಬ್ಬರು ಮನೆಗೆ ನಡೆದೆವು, ಅವ್ವ ಮುಂದೆ, ನಾನು ನಡುವೆ, ಅಪ್ಪ ಹಿಂದೆ. ದಾರಿಯುದ್ದಕ್ಕೂ ಅವ್ವನ ಬೆನ್ನು ನೋಡುತ್ತಾ, ಇವಳಿಗೆ ಈಗ ಏನು ಕಾದಿದೆಯೋ ಎಂದುಕೊಳ್ಳುತ್ತಿದ್ದೆ. ನಮಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಅಜ್ಜಿ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಉಳಿದ ತಟ್ಟೆಗಳಲ್ಲಿ ಹುಳ ಹಣ್ಣಾಗಿ, ಆರಿಸಿ ಗೂಡು ಕಟ್ಟಲು ಬಿಡುವ ಹೊತ್ತಾಗಿತ್ತು. ಅಪ್ಪ ಅಭ್ಯಾಸ ಬಲದಿಂದ ಅತ್ತ ಹೋದ. ಅಜ್ಜಿ ಬಾಗಿಲಿಗೆ ಅಡ್ಡ ಕೈ ಇಟ್ಟಳು. ಅವನ ಮುಖ ನೋಡದೆ, ಅವನನ್ನು ದಾಟಿ ಅವ್ವನನ್ನು ನೋಡಿದಳು. ಬೈಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

“ಹಣ್ಣುಳ ಆಯಕ್ಕೆ ನೀನು ಬಾರೆ,” ಎಂದಳು. “ಅವನು ಹೊರ್ಗೇ ಇರ್ಲಿ.”

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ಬಗ್ಗಿಸಿ, ಮೊದಲ ಸಲ ಒಳಗೆ ಹೋದಳು. ಅಪ್ಪ ಜಗುಲಿಯ ಮೇಲೆ ಕೂತುಕೊಂಡ.